ಬಾವಿಕಟ್ಟೆಗೆ ಮೊದಲು ಬಂದವರು

೨೦೧೯ನೆಯ ಇಸವಿ, ಜನವರಿ ತಿಂಗಳು. ನನಗೆ ಆಗ ನಲವತ್ತೆಂಟು ವರ್ಷ, ಎರಡು ತಿಂಗಳು. ಇಷ್ಟು ನಿಖರವಾಗಿ ಹೇಳುವುದಕ್ಕೆ ಕಾರಣವಿದೆ. ಮುಂದೆ ಹೇಳಲಿರುವುದನ್ನು ನೀವು ಸುಲಭವಾಗಿ ನಂಬಲಾರಿರಿ. ಆದ್ದರಿಂದ ಸಂಶಯಕ್ಕೆ ಎಡೆಯಿಲ್ಲದ ಒಂದೆರಡು ಸಂಗತಿಗಳನ್ನಾದರೂ ಮೊದಲೇ ಒಪ್ಪಿಸಿಬಿಡುತ್ತೇನೆ. ನಂಬಲಾಗದ ಸಂಗತಿ ಇದು: ನನ್ನ ಷಡ್ಡಕರು, ಎಂದರೆ ನನ್ನ ಹೆಂಡತಿಯ ಅಕ್ಕನ ಗಂಡ, ನಡೆಯುವುದನ್ನು ಎಷ್ಟೋ ವರ್ಷಗಳಿಂದ ಊರಿನಲ್ಲಿ ಯಾರೂ ಕಂಡಿರಲಿಲ್ಲ!

ಕಾಲಿನ ದೋಷವೆಂದು ಮರುಗಬೇಡಿ. ಕಾಲುಗಳು ಎರಡೂ ಇದ್ದವು, ಐವತ್ತೆಂಟರ ವಯಸ್ಸಿಗೆ ಅವಶ್ಯಕತೆಗಿಂತ ಗಟ್ಟಿಯಾಗಿಯೇ ಇದ್ದವು. ಆದರೆ ಅವುಗಳಿಗೆ ಗೊತ್ತಿದ್ದದ್ದು ಎರಡೇ ಸ್ಥಿತಿ: ಒಂದು ನಿಲ್ಲುವುದು, ಇನ್ನೊಂದು ಓಡುವುದು. ಜಗಲಿಯಿಂದ ಕೊಟ್ಟಿಗೆಗೆ ಇಪ್ಪತ್ತು ಹೆಜ್ಜೆ; ಓಟ. ಕೊಟ್ಟಿಗೆಯಿಂದ ಹುಲ್ಲಿನ ಬಣವೆಗೆ ಹದಿನೈದು ಹೆಜ್ಜೆ; ಓಟ. ಊಟಕ್ಕೆ ಕರೆದರೆ ಓಡಿ ಬರುವರು. ಅದನ್ನಾದರೂ ಹಸಿವೆಂದು ಒಪ್ಪಬಹುದು. ಉಂಡಮೇಲೆ ಕೈ ತೊಳೆಯುವುದಕ್ಕೂ ಓಡುವುದೇ? ಅದಕ್ಕೆ ಯಾವ ಸಮರ್ಥನೆ? ಅವರು ಊರಿನ ಬೀದಿಯಲ್ಲಿ ಹಾದುಹೋದಾಗ ಹೊಸಬರು ಎದ್ದುನಿಂತು, "ಯಾರು ಹೋಗಿಬಿಟ್ಟರು?" ಎಂದು ಕೇಳುತ್ತಿದ್ದರು. ಊರಿನವರು ಕುಳಿತಲ್ಲಿಂದಲೇ, "ಯಾರೂ ಹೋಗಿಲ್ಲ, ಅವರು ಬೆಂಕಿಪೊಟ್ಟಣ ತರೋಕೆ ಹೋದರು" ಎನ್ನುತ್ತಿದ್ದರು.

ಅಕ್ಕ, ಎಂದರೆ ಆ ಕಾಲುಗಳ ಧರ್ಮಪತ್ನಿ, ತಮ್ಮ ಮದುವೆಯ ಕಥೆಯನ್ನು ಹೇಳುವಾಗ ಇಂದಿಗೂ ನಿಟ್ಟುಸಿರು ಬಿಡುತ್ತಾರೆ. "ಮೂರು ಸುತ್ತು ಬನ್ನಿ ಅಂದ್ರು ಅಯ್ಯರು. ನಾನು ಎರಡನೇ ಸುತ್ತಲ್ಲಿ ಇದ್ದೀನಿ, ಇವ್ರು ಮೂರೂ ಮುಗ್ಸಿ ಮಣೆ ಮೇಲೆ ಕೂತವ್ರೆ! ಸೆರಗಿನ ಗಂಟು ಎಲ್ಲಿ ಬಿಚ್ಕಂಡ್ತೋ ದೇವ್ರಿಗೇ ಗೊತ್ತು. ಅವತ್ತು ಬಿಚ್ಚಿದ್ದು, ಇನ್ನೂ ಹಿಂದೆ ಓಡ್ತಾನೇ ಇದ್ದೀನಿ ವಾತ್ಯಾರೆ."

'ವಾತ್ಯಾರು' ಎಂದರೆ ನಾನು. ಆ ಕಡೆಯ ತಮಿಳಿನಲ್ಲಿ ಮೇಷ್ಟ್ರು ಎಂದರ್ಥ. ಚಾಮರಾಜನಗರದ ಕಡೆಯ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತಮೂರು ವರ್ಷ ಕನ್ನಡ ಕಲಿಸಿ, ಗಂಟಲು ಕೈಕೊಟ್ಟದ್ದರಿಂದ ಸ್ವಯಂನಿವೃತ್ತಿ ಪಡೆದು, ಹೆಂಡತಿಯ ತವರೂರಿಗೆ ಬಂದು ನೆಲೆಸಿದವನು ನಾನು. ಊರು ಧಾರಾಪುರಂನಿಂದ ಕಾಂಗೇಯಂಗೆ ಹೋಗುವ ದಾರಿಯಲ್ಲಿದೆ. ಅವಳ ಅಕ್ಕನನ್ನು ಕೊಟ್ಟದ್ದೂ ಅದೇ ಊರಿಗೆ. ಅವರೆಲ್ಲ ತಲೆತಲಾಂತರದಿಂದ ಅಲ್ಲಿ ಬೇಸಾಯ ಮಾಡಿಕೊಂಡಿರುವ ಕನ್ನಡದ ಮನೆಯವರು. ಅವರ ಮಾತು ದೂರದಿಂದ ಕೇಳಿದರೆ ತಮಿಳು, ಹತ್ತಿರ ಬಂದು ಕೇಳಿದರೆ ಕನ್ನಡ. ಮೊದಲ ವಾರ ನಾನು ಅವರ ಕನ್ನಡವನ್ನು ತಿದ್ದಿದೆ. ಎರಡನೆಯ ವಾರ ಅವರು ನನ್ನದನ್ನು ತಿದ್ದಿದರು. ಮೂರನೆಯ ವಾರದಲ್ಲಿ ಉಭಯ ಪಕ್ಷಗಳೂ ಕದನವಿರಾಮ ಘೋಷಿಸಿದವು. ನನ್ನ ಷಡ್ಡಕರಿಗೆ ಕನ್ನಡ ಅಕ್ಷರ ಬಾರದು. ಆದರೂ ನನ್ನ ಬರವಣಿಗೆಯ ಮೇಲೆ ಅವರಿಗೆ ಅಪಾರ ಗೌರವ. "ವಾತ್ಯಾರು ಬರ್ದ್ರೆ ಅದು ಜಮೀನಿನ ಪಟ್ಟಾ ಇದ್ದಂಗೆ, ಯಾರೂ ಅಳ್ಸೋಕಾಗಲ್ಲ" ಎನ್ನುತ್ತಿದ್ದರು. ಈ ಮಾತನ್ನು ದಯವಿಟ್ಟು ನೆನಪಿಡಿ.

ಅವರ ಓಟ ಎಂತಹದೆಂಬುದಕ್ಕೆ ಒಂದು ಉದಾಹರಣೆ ಸಾಕು. ಆ ವರ್ಷದ ಮೊದಲ ಭಾನುವಾರ. ಮಾರ್ಗಳಿಯ, ಎಂದರೆ ಧನುರ್ಮಾಸದ, ಮಂಜು ಹೊಲಗಳ ಮೇಲೆ ಹಾಲಿನ ಕೆನೆಯಂತೆ ಕಟ್ಟಿತ್ತು. ನಾನು ಕುಲಾವಿ, ಮಫ್ಲರು, ಅದರ ಮೇಲೊಂದು ಶಾಲು ಧರಿಸಿ ರಸ್ತೆಯ ಬದಿಯಲ್ಲಿ ವಾಯುಸೇವನೆ ಮಾಡುತ್ತಿದ್ದೆ. ನನ್ನ ಷಡ್ಡಕರು ಒಂದು ಪಂಚೆ, ಒಂದು ಟವೆಲು, ತಲೆಯ ಮೇಲೆ ಜೋಳದ ಸಪ್ಪೆಯ ಹೊರೆ ಹೊತ್ತು ಓಡಿ ಬರುತ್ತಿದ್ದರು. ಅಷ್ಟರಲ್ಲಿ ಮಂಜಿನೊಳಗಿನಿಂದ ನೂರಾರು ಜನರು ಪ್ರತ್ಯಕ್ಷರಾದರು! ಬಣ್ಣಬಣ್ಣದ ಬೂಟು, ಎದೆಗೆ ಪಿನ್ನು ಚುಚ್ಚಿದ ನಂಬರು, ಕಿವಿಯಲ್ಲಿ ವೈರು. ತಿರುಪ್ಪೂರಿನಿಂದ ಬಂದ ಪಟ್ಟಣದ ಜನ, ಆರೋಗ್ಯಕ್ಕಾಗಿ ಓಡುತ್ತಿದ್ದರು.

ನನ್ನ ಷಡ್ಡಕರ ಲೋಕದಲ್ಲಿ ಇಷ್ಟು ಜನ ಏಕಕಾಲದಲ್ಲಿ ಓಡುವುದಕ್ಕೆ ಒಂದೇ ಕಾರಣ ಇರಲು ಸಾಧ್ಯ. ಅವರು ಒಬ್ಬ ಯುವಕನ ಪಕ್ಕದಲ್ಲಿ ಹೊರೆಸಹಿತ ಓಡುತ್ತಾ ತಮಿಳಿನಲ್ಲಿ ಕೇಳಿದರು, ನಾನು ಕನ್ನಡಿಸಿ ಕೊಡುತ್ತೇನೆ: "ಯಾರ್ದು ಹಸ ತಪ್ಪಿಸ್ಕಂಡದ್ದು?"

ಕಿವಿಯಲ್ಲಿ ಹಾಡು ತುಂಬಿಕೊಂಡಿದ್ದ ಆ ಯುವಕ ನಕ್ಕು ಹೆಬ್ಬೆರಳನ್ನು ಎತ್ತಿ ತೋರಿಸಿದ. ಹೆಬ್ಬೆರಳು ಆಕಸ್ಮಿಕವಾಗಿ, ಊರವರು ಪಾಲವೆನ್ನುವ ಮುಂದಿನ ಸೇತುವೆಯ ಕಡೆಗೆ ವಾಲಿತ್ತು. ಇಷ್ಟು ಸಾಲದೇ? ಹೊರೆ ರಸ್ತೆಯ ಬದಿಗೆ ಬಿತ್ತು. ನನ್ನ ಷಡ್ಡಕರು ಬರಿಗಾಲಿನಲ್ಲಿ ಆ ನೂರಾರು ಬೂಟುಗಳನ್ನು ಹಿಂದಿಕ್ಕಿ ಮಂಜಿನಲ್ಲಿ ಮಾಯವಾದರು. ಕಾಲು ಗಂಟೆಯ ಅನಂತರ ಅದೇ ವೇಗದಲ್ಲಿ, ಆ ಗುಂಪಿಗೆ ಎದುರಾಗಿ ಹಿಂದಿರುಗಿದರು, ಕೈ ಬೀಸಿ ಕೂಗುತ್ತಾ: "ಪಾಲದವರ್ಗೂ ನೋಡ್ದೆ, ಆ ಕಡೆ ಇಲ್ಲ! ಇಷ್ಟು ಜನ ಒಂದೇ ದಿಕ್ಕಿಗೆ ಓಡಿದ್ರೆ ಹೆಂಗೆ ಸಿಗ್ತದೆ? ಅರ್ಧ ಜನ ಬಲಕ್ಕೆ ಹೋಗಿ, ಅರ್ಧ ಜನ ಎಡಕ್ಕೆ ಹೋಗಿ!"

ಯಾರೋ ಒಬ್ಬರು ಅವರ ಕೈಗೆ ಎರಡು ಬಾಳೆಹಣ್ಣು ಕೊಟ್ಟು ಚಪ್ಪಾಳೆ ತಟ್ಟಿದರು. ಅವರು ಹಣ್ಣುಗಳನ್ನು ತಂದು ತಮ್ಮ ಹಸುವಿಗೆ ತಿನ್ನಿಸಿ, ಇಡೀ ದಿನ ಕೊರಗಿದರು. "ಪಾವ, ಪಾಪದ ಜನ ವಾತ್ಯಾರೆ. ಅಷ್ಟು ಜನಕ್ಕೂ ಸೇರಿ ಇದ್ದದ್ದು ಅದೊಂದೇ ಹಸ ಅನ್ಸ್ತದೆ. ಹೆಂಗೆ ಬಾಯಿ ಬಿಟ್ಕಂಡು, ಅಳುಮುಖ ಹಾಕ್ಕಂಡು ಓಡ್ತಿದ್ರು ನೋಡಿದ್ರಾ?"

ನಾನು ನಗುತ್ತಾ ಇದನ್ನು ಅಕ್ಕನಿಗೆ ಹೇಳಿದೆ. ಅಕ್ಕ ನಗಲಿಲ್ಲ. "ನಗ್ಬೇಡಿ. ಇನ್ನು ಎಂಟು ದಿನದಲ್ಲಿ ಕಾಪು ಬರ್ತದೆ. ಆವಾಗ ಗೊತ್ತಾಗ್ತದೆ ಯಾಕೆ ಓಡ್ತಾರೆ ಅಂತ" ಎಂದರು. ಅಂದು ನನಗೆ ಈ ಓಟದ ಮೂಲ ತಿಳಿಯಿತು.

ಆ ಸೀಮೆಯಲ್ಲಿ ಪೊಂಗಲಿನ ಹಿಂದಿನ ದಿನ 'ಕಾಪು' ಕಟ್ಟುತ್ತಾರೆ. ಬೇವಿನ ಸೊಪ್ಪು, ಆವರಿಕೆಯ ಹಳದಿ ಹೂ, ಮತ್ತು ಪೂಳೆಪ್ಪೂ ಎಂದು ಅವರು ಕರೆಯುವ, ಹತ್ತಿಯ ಎಳೆಯಂತಹ ಬಿಳಿಯ ಕಾಡುಹೂ, ಈ ಮೂರನ್ನು ಸೇರಿಸಿ ಸಣ್ಣ ಕಟ್ಟು ಮಾಡಿ ಮನೆಯ ಬಾಗಿಲಿಗೆ, ಕೊಟ್ಟಿಗೆಗೆ, ಬಣವೆಗೆ, ಹೊಲದ ಮೂಲೆಗಳಿಗೆ, ಕಟ್ಟಕಡೆಗೆ ಬಾವಿಗೆ ಕಟ್ಟುವುದು. ಸೂರ್ಯ ಮುಳುಗುವ ಮುಂಚೆ ಎಲ್ಲವೂ ಮುಗಿಯಬೇಕು. ನನ್ನ ಷಡ್ಡಕರ ಮನೆಯಲ್ಲಿ ಬಾವಿಯ ಕಾಪನ್ನು ಕೊನೆಯವರೆಗೂ ಕಟ್ಟಿದವರು ಅವರ ತಾಯಿ. ಬಾವಿಯ ಬಾಯಲ್ಲಿ ಹಳೆಯ ಕಪಿಲೆಯ ಕಲ್ಲುಕಂಬವೊಂದಿದೆ. ಎತ್ತು ಕಟ್ಟಿ ನೀರೆತ್ತುತ್ತಿದ್ದ ಕಾಲದ್ದು. ಆ ಕಂಬಕ್ಕೆ ಯಾರು ಕಾಪು ಕಟ್ಟುತ್ತಾರೋ ಅವರದೇ ಮನೆಯ ಹಿರಿಯ ಕೈ.

ತಾಯಿ ತೀರಿಕೊಂಡರು. ಇಬ್ಬರು ಗಂಡುಮಕ್ಕಳು ಹೊಲವನ್ನು ನಡುವೆ ಬೇಲಿ ಹಾಕಿ ಹಂಚಿಕೊಂಡರು. ಬಾವಿಯನ್ನು ಹಂಚುವುದು ಹೇಗೆ? ಅದು ಪೊದುವಾಗಿ, ಎಂದರೆ ಇಬ್ಬರಿಗೂ ಸೇರಿದ್ದಾಗಿ, ಬೇಲಿಯ ಸಂದಿನಲ್ಲಿ ಉಳಿಯಿತು. ಆ ವರ್ಷದ ಕಾಪಿನ ದಿನ ಇಬ್ಬರೂ ಒಂದೊಂದು ಕಟ್ಟನ್ನು ಹಿಡಿದು ಒಟ್ಟಿಗೇ ಕಂಬದ ಬಳಿಗೆ ಬಂದರು. "ದೊಡ್ಡವನು ನಾನು" ಎಂದರು ನನ್ನ ಷಡ್ಡಕರು. "ಅಮ್ಮ ಕಡೆಗಾಲಕ್ಕೆ ಇದ್ದದ್ದು ನನ್ನ ಮನೇಲಿ" ಎಂದರು ಎರಡು ವರ್ಷ ಕಿರಿಯ ತಮ್ಮ. ಮಾತು ಬೆಳೆಯಿತು. ಕೊನೆಗೆ ತಮ್ಮ, "ಸರಿ, ಇನ್ನು ಮೇಲೆ ಮೊದಲು ಬಂದವನು ಕಟ್ಲಿ" ಎಂದುಬಿಟ್ಟರು. ಅದು ಶಾಸನವಾಯಿತು. ಇಬ್ಬರೂ ಪರಸ್ಪರ ಆಡಿದ ಕಡೆಯ ಮಾತೂ ಅದೇ ಆಯಿತು. ನಾನು ಊರಿಗೆ ಬರುವ ವೇಳೆಗೆ ಆ ಮೌನಕ್ಕೆ ಒಂಬತ್ತು ವರ್ಷ.

ಮೌನ ಗಂಡಸರ ಇಲಾಖೆಗೆ ಮಾತ್ರ ಸಂಬಂಧಿಸಿತ್ತು. ಹೆಂಗಸರ ನಡುವೆ ಬೇಲಿಯ ಸಂದಿಯಿಂದ ದೋಸೆಹಿಟ್ಟು, ಕರಿಬೇವು, ಊರಿನ ಸುದ್ದಿ, ಎಲ್ಲವೂ ನಿರಾತಂಕವಾಗಿ ಸಾಗುತ್ತಿದ್ದವು. ಅಣ್ಣತಮ್ಮಂದಿರು ನೀರಿನ ಸರದಿಯನ್ನು ಒಂದು ಕಲ್ಲಿನ ಮೂಲಕ ನಡೆಸುತ್ತಿದ್ದರು. ಮೋಟಾರಿನ ಕೋಣೆಯ ಕಟ್ಟೆಯ ಮೇಲೆ ಕುಂಬಳಕಾಯಿಯ ಗಾತ್ರದ ಒಂದು ಗುಂಡುಕಲ್ಲು. ತನ್ನ ಸರದಿಯ ದಿನ ಮುಗಿದೊಡನೆ ಅದನ್ನು ಇನ್ನೊಬ್ಬನ ಕಡೆಗೆ ಸರಿಸಿಡುವುದು. ಒಂಬತ್ತು ವರ್ಷಗಳಲ್ಲಿ ಆ ಕಲ್ಲು ಒಂದು ದಿನವೂ ಸುಳ್ಳು ಹೇಳಿರಲಿಲ್ಲ. ಮಾತುಬಿಟ್ಟವರಲ್ಲಿ ಇಂತಹ ನಂಬಿಕೆ, ಮಾತನಾಡುವವರಲ್ಲಿ ಎಲ್ಲಿದೆ ಹೇಳಿ?

ಓಟಕ್ಕೂ ನಿಯಮಗಳಿದ್ದವು. ಯಾರೂ ನೇರವಾಗಿ ಬಾವಿಗೆ ಓಡುವಂತಿಲ್ಲ. ಅಂದಿನ ಹೊಲಮನೆಯ ಕೆಲಸವೆಲ್ಲ ಮುಗಿದಿರಬೇಕು. ತನ್ನ ಮನೆ, ಕೊಟ್ಟಿಗೆ, ಹೊಲ ಎಲ್ಲಕ್ಕೂ ಕಾಪು ಕಟ್ಟಿಯೇ ಬಾವಿಗೆ ಬರಬೇಕು, ತಾಯಿ ಮಾಡುತ್ತಿದ್ದಂತೆ. ಹೊರಡುವ ಸಮಯ? 'ಹೊರಡು' ಎಂದು ಹೇಳಲು ಮಾತೇ ಇಲ್ಲವಲ್ಲ! ಸಂಜೆ ನಾಲ್ಕರ ಬಸ್ಸು ತಿರುವಿನಲ್ಲಿ ಹಾರ್ನು ಹೊಡೆಯುತ್ತದೆ, ಅದೇ ಅಪ್ಪಣೆ. ಬಸ್ಸು ತಡವಾದರೆ ಇಬ್ಬರೂ ತಂತಮ್ಮ ಬಾಗಿಲಲ್ಲಿ ಬುಟ್ಟಿ ಹಿಡಿದು, ಒಬ್ಬರನ್ನೊಬ್ಬರು ನೋಡದೆ, ಮೋಡವೇ ಇಲ್ಲದ ಆಕಾಶದಲ್ಲಿ ಮಳೆಯನ್ನು ಹುಡುಕುತ್ತಾ ನಿಂತಿರುತ್ತಿದ್ದರು. ಒಂದು ವರ್ಷ ತಮ್ಮ ತನ್ನ ಬಣವೆಯನ್ನೇ ಬಾವಿಯ ಪಕ್ಕಕ್ಕೆ ಸ್ಥಳಾಂತರಿಸಿ ಗೆದ್ದಿದ್ದರಂತೆ. "ಅಲ್ಲಿಂದ ಇವ್ರು ನಡೆಯೋದೇ ಬಿಟ್ರು" ಎಂದರು ಅಕ್ಕ. "ಮೊದಲು ಬೇಕಾದಾಗ ಓಡ್ತಿದ್ರು, ಆಮೇಲೆ ವರ್ಷ ಪೂರ್ತಿ ಓಟ. ಕಾಲಿಗೆ ಪಳಕ್ಕ, ರೂಢಿ, ತಪ್ಪಬಾರದಂತೆ."

ಅಲ್ಲಿಯವರೆಗೆ ಐದು ಸಲ ಅಣ್ಣ, ನಾಲ್ಕು ಸಲ ತಮ್ಮ. ನನ್ನೊಳಗಿನ ಮೇಷ್ಟ್ರು ಸುಮ್ಮನಿರುವನೇ? ಈ ಮನುಷ್ಯನಿಗೆ ಕೊರತೆಯಿರುವುದು ಕಾಲಿನಲ್ಲಲ್ಲ, ಕ್ರಮದಲ್ಲಿ ಎಂದು ನಿರ್ಧರಿಸಿದೆ. ಎರಡು ಅಂಕಣಗಳ ವೇಳಾಪಟ್ಟಿಯೊಂದನ್ನು ಕೆಂಪು ಗೆರೆ ಎಳೆದು ಸಿದ್ಧಪಡಿಸಿದೆ.

ಕಾಪಿನ ದಿನ ಮುಂಜಾನೆ ಐದೂವರೆಗೆ ನಾನು ಅವರ ಅಂಗಳದಲ್ಲಿ ನಿಂತು ಪಟ್ಟಿಯನ್ನು ಬಿಡಿಸಿದೆ. "ಓದಿ ವಾತ್ಯಾರೆ" ಎಂದರು. ಓದತೊಡಗಿದೆ: ಒಂದು, ಕೊಟ್ಟಿಗೆ ಗುಡಿಸಿ ಸೆಗಣಿಯನ್ನು ತಿಪ್ಪೆಗೆ ಸಾಗಿಸುವುದು, ಎರಡು, ಹಾಲು ಕರೆಯುವುದು, ಮೂರು, ಜೋಳದ ಸಪ್ಪೆ ತರುವುದು, ನಾಲ್ಕು, ಮುರಿದ ಬೇಲಿಗೆ ಮುಳ್ಳು ಹೊದಿಸುವುದು... ತಲೆಯೆತ್ತಿ ನೋಡಿದರೆ ಎದುರಿನಲ್ಲಿ ಯಾರೂ ಇಲ್ಲ. ತಿಪ್ಪೆಯ ಕಡೆಯಿಂದ ಧ್ವನಿ ಬಂತು: "ಕೇಳ್ತಾ ಇದೆ, ಓದಿ ಓದಿ!" ನಾನು ಮಂಜಿನೊಳಕ್ಕೆ ಗಟ್ಟಿಯಾಗಿ ಓದಿದೆ. ಐದನೆಯದಕ್ಕೆ ಉತ್ತರ ಕೊಟ್ಟಿಗೆಯಿಂದ, ಆರನೆಯದಕ್ಕೆ ಹೊಲದಿಂದ. ಇಪ್ಪತ್ತಮೂರು ವರ್ಷಗಳ ವೃತ್ತಿಜೀವನದಲ್ಲಿ ಇಷ್ಟು ದೂರದ ಬೆಂಚಿಗೆ ನಾನು ಪಾಠ ಹೇಳಿದವನಲ್ಲ. ಪಟ್ಟಿಯಲ್ಲಿ ನಾನು ಬೆಳಗ್ಗೆ ಹನ್ನೊಂದಕ್ಕೆ ನಿಗದಿಪಡಿಸಿದ್ದ ಬೇಲಿಯ ಕೆಲಸವನ್ನು ಅವರು ಎಂಟೂಕಾಲಿಗೆ ಮುಗಿಸಿ, ಕೈಗೆ ಚುಚ್ಚಿದ ಮುಳ್ಳನ್ನು ಓಡುತ್ತಲೇ ಹಲ್ಲಿನಿಂದ ಕಿತ್ತರು.

ಅವರ ಕಾಂಗೇಯಂ ತಳಿಯ ಹಸುವಿಗೂ ಅದೇ ಅಭ್ಯಾಸ ಅಂಟಿತ್ತು. ಯಜಮಾನರು ಮೈ ತೊಳೆಯಲು ತೊಟ್ಟಿಯ ಕಡೆಗೆ ಓಡಿದರೆ ಅದೂ ಹಿಂದೆಯೇ ಓಡುತ್ತಿತ್ತು. "ಇದ್ರ ಹಾಲು ಕರೆಯೋದೇ ಬೇಡ, ಹಂಗೇ ಬೆಣ್ಣೆ ಬರ್ತದೆ" ಎಂದು ನನ್ನ ಹೆಂಡತಿ ಗೊಣಗಿದಳು.

ಕೊಟ್ಟಿಗೆಯ ಗೋಡೆಗೆ ಸುಣ್ಣ ಹೊಡೆದದ್ದಾಯಿತು; ದನಗಳಿಗೆ ಹೊಸ ಹಗ್ಗ ಕಟ್ಟಿದ್ದಾಯಿತು. ಹಗ್ಗ ಹಾಕುವಾಗ ಮಾತ್ರ ಅವರು ನಿಂತಿದ್ದರು, ಆ ನಿಲುವಿನಲ್ಲೂ ಹಿಮ್ಮಡಿ ನೆಲಕ್ಕೆ ತಾಗಿರಲಿಲ್ಲ. ಅನಂತರ ಬೀಳುಭೂಮಿಗೆ ಓಡಿ ಬೇವು, ಆವರಿಕೆ, ಪೂಳೆಪ್ಪೂಗಳನ್ನು ಒಂದು ಹೊರೆ ತಂದು ನನ್ನೆದುರು ಸುರಿದರು. ಕಾಪು ಕಟ್ಟುಗಳನ್ನು ಮಾಡುವ ಹೊಣೆ ನನ್ನದು. ಆ ಮನೆಯಲ್ಲಿ ಕುಳಿತು ಮಾಡಬಹುದಾದ ಕೆಲಸವೆಂದರೆ ಅದೊಂದೇ.

ನಾನು ಮತ್ತೊಂದು ಪಟ್ಟಿ ಮಾಡಿದೆ. ಶೀರ್ಷಿಕೆ: 'ನಮ್ಮ ಸ್ಥಳಗಳು'. ಬಾಗಿಲು ಎರಡು, ಕೊಟ್ಟಿಗೆ ಒಂದು, ಬಣವೆ ಒಂದು, ತಿಪ್ಪೆ ಒಂದು, ಕೋಳಿಗೂಡು ಒಂದು, ಮುಳ್ಳಿನ ಗೇಟು ಒಂದು, ಮೇವಿನ ಬಯಲಿನ ತುದಿಗಳು ಎರಡು, ಹೊಲದ ಮೂಲೆಗಳು ನಾಲ್ಕು. ಒಟ್ಟು ಹದಿಮೂರು. ಹದಿಮೂರು ಕಟ್ಟುಗಳನ್ನು ಅಡ್ಡಪಟ್ಟಿ ಇಟ್ಟು ಅಳೆದು, ತುದಿ ಕತ್ತರಿಸಿ, ಸಮವಾಗಿ ಕಟ್ಟಿದೆ. ದಾರಿಯ ಕ್ರಮದಲ್ಲೇ ಬುಟ್ಟಿಯಲ್ಲಿ ಜೋಡಿಸಿದೆ. ಅವರು ನೋಡದೆ ಕೈಹಾಕಿದರೂ ಸರಿಯಾದುದೇ ಬರಬೇಕು. ಎರಡು ಸಲ ಎಣಿಸಿದೆ. ನನ್ನ ಕ್ರಮವನ್ನು ಕಂಡು ನನಗೇ ಹೆಮ್ಮೆಯಾಯಿತು.

ಬಸ್ಸು ಕೂಗಿತು. ಅವರು ಹೊರಟರು. ಪಂಚೆ ಎತ್ತಿ ಕಟ್ಟಿದ್ದರು, ಬುಟ್ಟಿ ಕಂಕುಳಲ್ಲಿ. ಬೇಲಿಯ ಆ ಕಡೆಯಲ್ಲಿ ಇನ್ನೊಂದು ಬಿಳಿ ಪಂಚೆ ಅಷ್ಟೇ ವೇಗದಲ್ಲಿ ಮಿಂಚುತ್ತಿತ್ತು. ನಾನು, ಅಕ್ಕ, ನನ್ನ ಹೆಂಡತಿ ಮೂವರೂ ಬಾವಿಯ ಬಳಿಗೆ ಓಡಿದೆವು. ಹೌದು, ನಾನೂ ಓಡಿದೆ. ಮಫ್ಲರು ದಾರಿಯಲ್ಲಿ ಬಿತ್ತು. ನನ್ನ ಷಡ್ಡಕರು ಹೊಲದ ಕಡೆಯ ಮೂಲೆಯನ್ನು ಮುಗಿಸಿ ಬದುವಿನ ಮೇಲೆ ಹಾರಿ ಬಂದರು. ತಮ್ಮನಿಗಿಂತ ಮೂವತ್ತು ಮಾರು ಮುಂದೆ! ಗೆದ್ದರು! ಕಂಬದ ಮುಂದೆ ನಿಂತರು, ಬುಟ್ಟಿಗೆ ಕೈ ಹಾಕಿದರು.

ಬುಟ್ಟಿ ಬರಿದಾಗಿತ್ತು.

ಬಾವಿ 'ನಮ್ಮ ಸ್ಥಳ'ವಲ್ಲವಲ್ಲ, ಪೊದು. ಆದ್ದರಿಂದ ಅದು ನನ್ನ ಪಟ್ಟಿಯಲ್ಲಿ ಇರಲಿಲ್ಲ!

ಅವರು ಬುಟ್ಟಿಯ ಮೂಲೆಯಲ್ಲೆಲ್ಲ ಬೆರಳಾಡಿಸಿದರು. ಅಷ್ಟರಲ್ಲಿ ತಮ್ಮ ಏದುಸಿರು ಬಿಡುತ್ತಾ ಬಂದು ನಿಂತರು; ಬರಿದಾದ ಬುಟ್ಟಿಯನ್ನು ನೋಡಿದರು. ಕೈಯಲ್ಲಿ ಕಾಪು ಇದ್ದರೂ ಕಟ್ಟಲಿಲ್ಲ. ಹಿಂದಕ್ಕೂ ಹೋಗಲಿಲ್ಲ. ಕೊನೆಗೆ ಅಣ್ಣ ಗದ್ದವನ್ನು ಕಂಬದ ಕಡೆಗೆ ಒಂದಿಷ್ಟು ಎತ್ತಿದರು. ತಮ್ಮ ಕಟ್ಟಿದರು.

ಹಿಂದಿರುಗುವಾಗ ಅವರು ಬೈಯುವರೆಂದು ಕಾದೆ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು! ಅವರು ನನ್ನ ಬಳಿ ನಿಂತು, ಟವೆಲಿನಿಂದ ಮುಖ ಒರೆಸಿ, "ಹದಿಮೂರೂ ಒಂದೇ ಅಳತೆಗೆ ಇತ್ತು ವಾತ್ಯಾರೆ. ಬಲು ಚೆಂದ" ಎಂದು ಮನೆಗೆ ಓಡಿಹೋದರು.

ಅಂದಿನಿಂದ ನಾನು ಪ್ರತಿವರ್ಷವೂ ಬಾವಿಗೆಂದು ಒಂದು ಕಟ್ಟನ್ನು ಬುಟ್ಟಿಯಲ್ಲಿಟ್ಟು, ಅದಲ್ಲದೆ ಇನ್ನೊಂದು ಹೆಚ್ಚುವರಿ ಕಟ್ಟನ್ನು ನನ್ನ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದೆ. ಅದು ನಾಲ್ಕು ವರ್ಷ ಉಪಯೋಗಕ್ಕೆ ಬರಲಿಲ್ಲ. ಸುಮ್ಮನೆ ಜೇಬಿಗೆ ಬೇವಿನ ಕಹಿವಾಸನೆ ಹಿಡಿಯಿತು. ಓಟ ನಡೆಯುತ್ತಲೇ ಇತ್ತು. ಸೋಂಕಿನ ಕಾಲದಲ್ಲಿಯೂ ಇಬ್ಬರೂ ಮುಖಕ್ಕೆ ಟವೆಲು ಸುತ್ತಿಕೊಂಡು ಓಡಿದರು. ಒಬ್ಬರಿಂದೊಬ್ಬರು ಆರಡಿ ದೂರವಿರಿ ಎಂದು ಸರ್ಕಾರ ಸಾರುತ್ತಿತ್ತು. ನಮ್ಮವರು ಅದಕ್ಕಿಂತ ಬಹಳ ಮುಂಚಿನಿಂದಲೇ, ಅದಕ್ಕಿಂತ ಬಹಳ ಹೆಚ್ಚಿನ ಶಿಸ್ತಿನಿಂದ, ಪಾಲಿಸಿಕೊಂಡು ಬಂದಿದ್ದರು.

೨೦೨೩ರ ನವೆಂಬರಿನ ಮಳೆಯಲ್ಲಿ ಷಡ್ಡಕರ ತಮ್ಮ, ಬಾವಿಯ ಪಾಚಿಗಟ್ಟಿದ ಮೆಟ್ಟಿಲಿನ ಮೇಲೆ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಕೊಯಮತ್ತೂರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು; ಎರಡು ವಾರ ಅಲ್ಲೇ ಇದ್ದರು. ಆ ಎರಡು ವಾರ ನಾನು ಮೋಟಾರಿನ ಕೋಣೆಯ ಮುಂದೆ ಹಾದುಹೋದಾಗಲೆಲ್ಲ ಗಮನಿಸಿದೆ: ಗುಂಡುಕಲ್ಲು ಒಂದು ದಿನ ಈ ಕಡೆ, ಒಂದು ದಿನ ಆ ಕಡೆ. ತಮ್ಮನ ಸರದಿಯ ದಿನಗಳಲ್ಲಿ ತಮ್ಮನ ಹೊಲಕ್ಕೆ ತಪ್ಪದೆ ಬಾವಿಯ ನೀರು ಹರಿದಿರುತ್ತಿತ್ತು.

"ಅಣ್ಣ, ಆ ಕಲ್ಲನ್ನು ಯಾರು ಸರಿಸುತ್ತಿದ್ದಾರೆ?" ಎಂದು ಷಡ್ಡಕರನ್ನು ಕೇಳಿದೆ.

"ಗಾಳಿಗೆ ಇರ್ಬೇಕು ವಾತ್ಯಾರೆ" ಎಂದು ಹೇಳಿ ಓಡಿದರು. ಕುಂಬಳಕಾಯಿಯ ಗಾತ್ರದ ಕಲ್ಲು!

ಆ ಚಳಿಗಾಲ ಕಾಪಿನ ದಿನ ಭಾನುವಾರ ಬಂತು. ತಮ್ಮ ಆಸ್ಪತ್ರೆಯಿಂದ ಮನೆಗೆ ಬಂದಿದ್ದರು, ಆದರೆ ನಾಲ್ಕು ಕಾಲಿನ ಅಲ್ಯೂಮಿನಿಯಂ ವಾಕರು ಹಿಡಿದು ಹಾಸಿಗೆಯಿಂದ ಬಾಗಿಲಿಗೆ ಹೋಗುವುದೇ ಒಂದು ಯಾತ್ರೆಯಾಗಿತ್ತು.

"ಈ ವರ್ಷ ಮೆಲ್ಲಗೆ ಹೋದ್ರೂ ನೀವೇ ಕಟ್ಟೋದು. ಸುಮ್ಮೆ ಯಾಕೆ ಓಟ?" ಎಂದರು ಅಕ್ಕ.

"ಬಾಯಿ ಮುಚ್ಚೆ" ಎಂದು ಅರವತ್ತಮೂರರ ನನ್ನ ಷಡ್ಡಕರು ಮುಂಜಾನೆ ನಾಲ್ಕಕ್ಕೇ ಆರಂಭಿಸಿದರು. ತಿಪ್ಪೆ, ಹಾಲು, ಸಪ್ಪೆ, ಬೇಲಿ, ಸುಣ್ಣ, ಹಗ್ಗ, ಹೂ. ಎಂದಿಗಿಂತ ವೇಗವಾಗಿಯೇ. ಮೂರೂವರೆಗೆ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತರು. ಆ ದಿನ ಆಕಾಶವನ್ನು ನೋಡಲಿಲ್ಲ. ಎದುರಿನ ಬಾಗಿಲನ್ನು ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ಬಸ್ಸು ಕೂಗಿತು. ಓಡಿದರು. ನಾಲ್ಕು ಗಂಟೆ ನಲವತ್ತು ನಿಮಿಷಕ್ಕೆ ಹದಿಮೂರೂ ಮುಗಿದವು.

ನಾನು ಬಾವಿಗೆ ತಲುಪಿದಾಗ ಅವರು ಕಂಬದ ಮುಂದೆ ಕಟ್ಟನ್ನು ಹಿಡಿದು ನಿಂತಿದ್ದರು. ಕಟ್ಟಿರಲಿಲ್ಲ.

"ಕಟ್ಟಿ ಅಣ್ಣ."

"ಇರಿ ವಾತ್ಯಾರೆ."

ಐದು ಗಂಟೆಯಾಯಿತು. ಅವರು ಮೋಟಾರಿನ ಕಟ್ಟೆಯ ಮೇಲೆ, ಗುಂಡುಕಲ್ಲಿನ ಪಕ್ಕದಲ್ಲಿ ಕುಳಿತರು. ಹಗಲಿನಲ್ಲಿ, ಊಟದ ಎಲೆಯ ಮುಂದಲ್ಲದೆ, ಅವರು ಕುಳಿತದ್ದನ್ನು ನಾನು ಕಂಡದ್ದು ಅದೇ ಮೊದಲು. ಐದೂವರೆಯಾಯಿತು. ತೆಂಗಿನ ನೆರಳು ಬಾವಿಯನ್ನು ದಾಟಿ ಬೇಲಿಯವರೆಗೆ ಚಾಚಿತು.

"ಅಣ್ಣ, ಹೊತ್ತು ಮುಳುಗುತ್ತದೆ. ನೀವೇ ಮೊದಲು ಬಂದಿರಿ, ನಾನೇ ಸಾಕ್ಷಿ."

"ಒಬ್ಬನೇ ಓಡಿದ್ರೆ ಮೊದಲು ಏನು, ಕಡೆ ಏನು ವಾತ್ಯಾರೆ?" ಎಂದರು. ಎದ್ದರು. ಬೇಲಿಯ ಸಂದಿಯಿಂದ, ಹದಿನಾಲ್ಕು ವರ್ಷ ಹೆಂಗಸರ ದೋಸೆಹಿಟ್ಟು ಮಾತ್ರ ದಾಟಿದ್ದ ಆ ಸಂದಿಯಿಂದ, ಆ ಕಡೆಗೆ ಓಡಿದರು. ನಾನು ಹಿಂದೆಯೇ ಓಡಿದೆ.

ಆ ಮನೆಯ ಜಗಲಿಯಲ್ಲಿ ತಮ್ಮ, ಹಗ್ಗದ ಮಂಚದ ಮೇಲೆ, ಬಾವಿಯ ಕಡೆಗೆ ಮುಖಮಾಡಿ ಕುಳಿತಿದ್ದರು. ಮಡಿಲಿನಲ್ಲಿ ಒಂದು ಕಾಪು ಕಟ್ಟು.

"ಏನ್ಲಾ, ಬಸ್ಸು ಕೂಗಿದ್ದು ಕೇಳಿಸ್ಲಿಲ್ವಾ?"

ತಮ್ಮ ತಲೆಯೆತ್ತಿ ನೋಡಿದರು. "ಮುರ್ದಿರೋದು ಸೊಂಟ, ಕಿವಿ ಅಲ್ಲ."

"ಮತ್ತೆ ಯಾಕೆ ಬರ್ಲಿಲ್ಲ?"

"ನೀನು ಕಟ್ಟಿರ್ತೀಯ ಅಂತ."

"ನಾನು ಕಟ್ಟಿಲ್ಲ."

"ಯಾಕೆ?"

"ನೀನು ಬರ್ಲಿಲ್ಲ."

ಇಬ್ಬರೂ ಬೇರೆಬೇರೆ ಕಡೆಗೆ ನೋಡಿದರು. ಅಣ್ಣ ಗೋಡೆಗೆ ಒರಗಿಸಿದ್ದ ವಾಕರನ್ನು ತಂದು ಮುಂದಿಟ್ಟರು. "ಏಳು. ನೇರ ಆಯ್ತು, ಹೊತ್ತು ಮುಳುಗ್ತದೆ."

"ನನ್ನ ಸ್ಪೀಡಿಗೆ ನಿಂಗೆ ಬರೋಕಾಗಲ್ಲ ಅಣ್ಣಾ."

"ನೋಡ್ತೀನಿ ಏಳ್ಲಾ."

ಜಗಲಿಯಿಂದ ಬಾವಿಗೆ ನೂರಮೂವತ್ತು ಹೆಜ್ಜೆ. ವಾಕರಿನ ನಾಲ್ಕು ಕಾಲು ಮುಂದೆ, ತಮ್ಮನ ಎರಡು ಕಾಲು ಹಿಂದೆ, ಪಕ್ಕದಲ್ಲಿ ಇನ್ನೆರಡು. ಆ ಇನ್ನೆರಡು ಕಾಲುಗಳಿಗೆ ಬಹಳ ಕಷ್ಟವಾಯಿತು. ತಡೆಯಲಾರದೆ ಮೂರು ಹೆಜ್ಜೆ ಮುಂದೆ ಹೋಗಿಬಿಡುತ್ತಿದ್ದವು. ನಾಚಿಕೊಂಡು ಹಿಂದಕ್ಕೆ ಬರುತ್ತಿದ್ದವು. ಮತ್ತೆ ಮುಂದೆ, ಮತ್ತೆ ಹಿಂದೆ. ಅರ್ಧದಾರಿಯ ವೇಳೆಗೆ ಅವು ಕಲಿತವು. ಒಂದು ಹೆಜ್ಜೆ, ನಿಲ್ಲುವುದು, ತಮ್ಮನು ಉಸಿರು ತೆಗೆದುಕೊಳ್ಳುವವರೆಗೆ ಕಾಯುವುದು, ಇನ್ನೊಂದು ಹೆಜ್ಜೆ. ನಾನು ಹಿಂದೆಯೇ ಬಂದೆ. ತಿದ್ದುವಂತಹದು ಏನೂ ಇರಲಿಲ್ಲ.

ಕಂಬದ ಬಳಿ ಅಣ್ಣ ತಮ್ಮನ ಮಡಿಲಿನಿಂದ ಬಂದ ಕಟ್ಟನ್ನೂ ತನ್ನದನ್ನೂ ಒಟ್ಟಿಗೆ ಹಿಡಿದು ಒಂದೇ ನಾರಿನಿಂದ ಸುತ್ತಿದರು. ತಮ್ಮನ ಸೊಂಟವನ್ನು ಎರಡೂ ಕೈಗಳಿಂದ ಆನಿಸಿ ಹಿಡಿದರು. ತಮ್ಮ ಗಂಟು ಹಾಕಿದರು. ಆಗ ನನ್ನ ಜೇಬಿನಿಂದ ಹೊರಗೆ ಇಣುಕುತ್ತಿದ್ದ ಆವರಿಕೆಯ ಹೂ ಅಣ್ಣನ ಕಣ್ಣಿಗೆ ಬಿತ್ತು.

"ಅದು ಯಾವುದಕ್ಕೆ ವಾತ್ಯಾರೆ?"

ಐದು ವರ್ಷಗಳ ಅಪರಾಧವನ್ನು ಹೇಗೆ ವಿವರಿಸುವುದು? "ಹೆಚ್ಚುವರಿ..." ಎಂದೆ.

ಅವರು ಅದನ್ನು ತೆಗೆದುಕೊಂಡು, ಬಗ್ಗಿ, ವಾಕರಿನ ಅಡ್ಡಪಟ್ಟಿಗೆ ಕಟ್ಟಿದರು. ಬಣವೆಗೆ, ಕೊಟ್ಟಿಗೆಗೆ ಕಟ್ಟುವಷ್ಟೇ ಶ್ರದ್ಧೆಯಿಂದ, ಎರಡು ಗಂಟು. ಆಮೇಲೆ ನನ್ನ ಕಡೆಗೆ ತಿರುಗಿದರು.

"ನೋಡಿದ್ರಲ್ಲ, ವಾಕರು ಮುಂದೆ ಬಂತು. ಮೊದಲು ಬಂದದ್ದು ತಮ್ಮ. ಟೈಮ್ ಸಮೇತ ಬರ್ಕೊಳ್ಳಿ. ನಾಳೆ ಯಾರೂ ಅಳ್ಸಬಾರದು."

ಗಡಿಯಾರ ನೋಡಿ ಬರೆದುಕೊಂಡೆ. ಇಗೋ, ಅಳಿಸಲಾಗದಂತೆ ಇಲ್ಲಿಯೂ ಬರೆಯುತ್ತಿದ್ದೇನೆ: ಬಾವಿಕಟ್ಟೆಗೆ ಮೊದಲು ಬಂದವರು ತಮ್ಮ, ಅವರ ಪಕ್ಕದಲ್ಲಿ ಅಣ್ಣ ನಡೆದು ಬಂದರು, ದಿನ, ೨೦೨೪ನೆಯ ಇಸವಿ ಜನವರಿ ತಿಂಗಳ ಹದಿನಾಲ್ಕನೆಯ ತಾರೀಖು, ಭಾನುವಾರ, ಸಂಜೆ ಆರು ಗಂಟೆ ಎರಡು ನಿಮಿಷ.